ಪಿಸ್ತೂಲ್ ಕೈಕೊಟ್ಟರೆ ತಪ್ಪು ಕೈಯದ್ದಾ, ಪಿಸ್ತೂಲಿನದ್ದಾ?

ಕಳೆದ ವರ್ಷ ಒಂದು ವರದಿಗಾಗಿ ಬೆಂಗಳೂರಿನ ಹೊರವಲಯದ ಶೂಟಿಂಗ್ ರೇಂಜ್‌ಗೆ ಹೋಗಿದ್ದೆ. ಅಲ್ಲಿನ ಕೋಚ್ ಸೇನೆಯಿಂದ ನಿವೃತ್ತರಾದವರು. ಪಾಯಿಂಟ್ 22 ಸೆಮಿ-ಆಟೋಮ್ಯಾಟಿಕ್ ಪಿಸ್ತೂಲ್ ಕೈಗಿಟ್ಟು, ಹೇಗೆ ಹಿಡಿಯಬೇಕು ಅಂತ ತೋರಿಸಿ, ಐದು ಗುಂಡು ಹೊಡೆಯಲು ಹೇಳಿದರು. ಮೂರನೆಯದಕ್ಕೇ ಪಿಸ್ತೂಲ್ ನಿಂತುಹೋಯಿತು. ಖಾಲಿ ಕೇಸು ಹೊರಗೆ ಹಾರದೆ, ಸ್ಲೈಡಿನ ಬಾಯಲ್ಲಿ ಸಿಕ್ಕಿಕೊಂಡು, ಹಂಚಿನ ಮನೆಯ ಹೊಗೆಕೊಳವೆ ತರ ನೆಟ್ಟಗೆ ನಿಂತಿತ್ತು.

"ನೋಡಪ್ಪಾ, ಮಣಿಕಟ್ಟು ಸಡಿಲ ಬಿಟ್ಟಿದ್ದೀಯ. ಪಿಸ್ತೂಲ್‌ದೇನೂ ತಪ್ಪಿಲ್ಲ," ಅಂದರು ಕೋಚ್. ಅದೇ ಪಿಸ್ತೂಲ್ ತಗೊಂಡು ತಾವೇ ಐದು ಗುಂಡು ಹೊಡೆದರು. ಒಂದೂ ನಿಲ್ಲಲಿಲ್ಲ. ನನಗೆ ಸ್ವಲ್ಪ ನಾಚಿಕೆಯೇ ಆಯಿತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಆ ಗಾದೆ ನೆನಪಾಯಿತು.

ಹಿಡಿತ ಸರಿಮಾಡಿಕೊಂಡೆ. ಮುಂದಿನ ಎರಡು ಸುತ್ತು ಸಲೀಸಾಗಿ ಹೋದವು. ನಾಲ್ಕನೇ ಸುತ್ತಿನಲ್ಲಿ ಮತ್ತೆ ನಿಂತಿತು. ಕೋಚ್ ಮತ್ತೆ ನನ್ನ ಮಣಿಕಟ್ಟನ್ನೇ ನೋಡಿದರು. ನಾನು ಕೇಳಿದೆ: "ಸರ್, ಇದೇ ಮ್ಯಾಗಜೀನ್ ಹಾಕ್ಕೊಂಡು ನೀವು ಒಂದು ಸಲ ಹೊಡೀತೀರಾ?" ಹೊಡೆದರು. ಅವರ ಕೈಯಲ್ಲೂ ನಿಂತಿತು. ಮ್ಯಾಗಜೀನ್ ತೆಗೆದು ಬೆಳಕಿಗೆ ಹಿಡಿದರೆ ಅದರ ಬಾಯಂಚು ಒಂದು ಕಡೆ ಕೂದಲೆಳೆಯಷ್ಟು ಬಾಗಿತ್ತು. ಅವರು ನಕ್ಕು ಅದನ್ನು ಬದಿಗಿಟ್ಟರು.

ಅಂದ್ರೆ ಮೊದಲ ಸಲ ತಪ್ಪು ನನ್ನದು, ಎರಡನೇ ಸಲ ನೆಲವೇ ಡೊಂಕಿತ್ತು. ಹೊರಗಿಂದ ನೋಡಿದರೆ ಎರಡೂ ಒಂದೇ ತರ ಕಾಣುತ್ತವೆ. ಯಾವುದು ಯಾವುದು ಅಂತ ತೀರ್ಮಾನಿಸುವವರು ಯಾರು, ಹೇಗೆ ತೀರ್ಮಾನಿಸುತ್ತಾರೆ ಅನ್ನೋದು ಈ ಲೇಖನದ ವಿಷಯ. ಪಿಸ್ತೂಲ್ ಬಗ್ಗೆ ಇಷ್ಟೊಂದು ಯಾಕಪ್ಪಾ ಅಂತ ಅನ್ನಿಸಬಹುದು. ಕಲಬುರ್ಗಿ, ಗೌರಿ ಲಂಕೇಶ್ ಹತ್ಯೆಗಳನ್ನು ಕಂಡ ನಾಡಿನಲ್ಲಿ ಆ ಯಂತ್ರವನ್ನು ಮೆಚ್ಚಿ ಬರೆಯುವ ಉಮೇದು ನನಗಿಲ್ಲ. ಆದರೆ ಬಳಸುವವನಿಗೂ ಯಂತ್ರಕ್ಕೂ ನಡುವೆ ತಪ್ಪು ಹಂಚಿಕೆ ಆಗುವ ರೀತಿ ಇಲ್ಲಿ ಕಾಣಿಸುವಷ್ಟು ಸ್ಪಷ್ಟವಾಗಿ ಬೇರೆಲ್ಲೂ ಕಾಣಲ್ಲ. ಮೊದಲು ಯಂತ್ರ ನೋಡೋಣ, ಆಮೇಲೆ ರಾಜಕೀಯ.

ಕೈಯೂ ಯಂತ್ರದ ಒಂದು ಭಾಗ

ರಿವಾಲ್ವರ್‌ನಲ್ಲಿ ಮುಂದಿನ ಗುಂಡನ್ನು ಸಿದ್ಧಮಾಡುವುದು ನಿಮ್ಮ ಬೆರಳಿನ ಬಲ. ಸೆಮಿ-ಆಟೋಮ್ಯಾಟಿಕ್ ಪಿಸ್ತೂಲ್‌ನಲ್ಲಿ ಆ ಕೆಲಸ ಹಿಂದಿನ ಗುಂಡಿನದ್ದು. ಗುಂಡು ಮುಂದಕ್ಕೆ ಹೋದ ಹಾಗೆ ಅಷ್ಟೇ ಆವೇಗ ಹಿಂದಕ್ಕೂ ಬರುತ್ತೆ. ಹೈಸ್ಕೂಲಿನ ನ್ಯೂಟನ್ ಮೂರನೇ ನಿಯಮ. ಆ ಹಿಂದೊದೆತ ಮೇಲಿರುವ ಸ್ಲೈಡನ್ನು ಹಿಂದಕ್ಕೆ ತಳ್ಳುತ್ತದೆ. ಸ್ಲೈಡ್ ಹಿಂದೆ ಹೋಗುವಾಗ ಖಾಲಿ ಕೇಸನ್ನು ಎಳೆದು ಹೊರಗೆ ಎಸೆಯುತ್ತದೆ, ಹೊಡೆಯುವ ಪಿನ್ನಿನ ವ್ಯವಸ್ಥೆಯನ್ನು ಮತ್ತೆ ಸಜ್ಜುಮಾಡುತ್ತದೆ, ಒಂದು ಸ್ಪ್ರಿಂಗನ್ನು ಒತ್ತುತ್ತದೆ. ಆ ಸ್ಪ್ರಿಂಗ್ ಬಿಚ್ಚಿಕೊಂಡು ಸ್ಲೈಡನ್ನು ಮುಂದಕ್ಕೆ ತಳ್ಳುವಾಗ, ಮ್ಯಾಗಜೀನ್‌ನಿಂದ ಹೊಸ ಗುಂಡು ನಳಿಕೆಯೊಳಗೆ ಹೋಗುತ್ತದೆ. ಇಷ್ಟೆಲ್ಲಾ ಕಣ್ಣು ಮಿಟುಕಿಸುವುದಕ್ಕಿಂತ ಬೇಗ ಮುಗಿಯುತ್ತದೆ.

ಈಗ ಒಂದು ಅಂದಾಜು ಲೆಕ್ಕ. 9 ಎಂಎಂ ಗುಂಡಿನ ತೂಕ ಸುಮಾರು 8 ಗ್ರಾಂ, ವೇಗ ಸೆಕೆಂಡಿಗೆ ಸುಮಾರು 350 ಮೀಟರ್. ಸ್ಲೈಡ್ ಮತ್ತು ನಳಿಕೆ ಸೇರಿ ಸುಮಾರು ಅರ್ಧ ಕೆಜಿ ಅಂತಿಟ್ಟುಕೊಳ್ಳಿ. ಗುಂಡಿನ ಜತೆ ನುಗ್ಗುವ ಅನಿಲದ ಪಾಲನ್ನೂ ಸೇರಿಸಿದರೆ ಸ್ಲೈಡ್ ಸೆಕೆಂಡಿಗೆ ಸುಮಾರು 6 ಮೀಟರ್ ವೇಗದಲ್ಲಿ ಹಿಂದಕ್ಕೆ ಹೊರಡುತ್ತದೆ. ಅದು ಕ್ರಮಿಸಬೇಕಾದ್ದು ನಾಲ್ಕೈದು ಸೆಂಟಿಮೀಟರ್.

ಸ್ಲೈಡ್ ಹಿಂದೆ ಹೋಗಬೇಕಾದ್ದು ಫ್ರೇಮಿಗೆ ಹೋಲಿಸಿದರೆ. ಫ್ರೇಮ್ ಅಂದ್ರೆ ನೀವು ಕೈಯಲ್ಲಿ ಹಿಡಿದಿರುವ ಕೆಳಭಾಗ. ಅದು ಅಲುಗದೆ ನಿಂತರೆ ಸ್ಲೈಡಿಗೆ ಪೂರಾ 6 ಮೀಟರ್ ವೇಗ ಸಿಗುತ್ತೆ. ನಿಮ್ಮ ಮಣಿಕಟ್ಟು ಸಡಿಲ ಇದ್ದು ಫ್ರೇಮ್ ಕೂಡ ಸೆಕೆಂಡಿಗೆ 1 ಮೀಟರ್ ವೇಗದಲ್ಲಿ ಹಿಂದಕ್ಕೆ ಬಂತು ಅಂತಿಟ್ಟುಕೊಳ್ಳಿ. ಆಗ ಅವೆರಡರ ನಡುವಿನ ವೇಗ 5 ಮಾತ್ರ. ಶಕ್ತಿಯ ಲೆಕ್ಕ ವೇಗದ ವರ್ಗದ ಮೇಲೆ ನಿಂತಿರುವುದರಿಂದ 36 ಇದ್ದದ್ದು 25 ಆಯಿತು, ಅಂದ್ರೆ ಶೇ. 30ರಷ್ಟು ಖೋತಾ. ಸ್ಪ್ರಿಂಗ್ ಒತ್ತಲು, ಕೇಸು ಎಸೆಯಲು, ಹೊಸ ಗುಂಡು ಹಿಡಿಯಲು ಇರುವ ಬಂಡವಾಳದಲ್ಲಿ ಮೂರನೇ ಒಂದು ಪಾಲಿನಷ್ಟು ನಿಮ್ಮ ಮಣಿಕಟ್ಟಿನಲ್ಲೇ ಸೋರಿಹೋಯಿತು. ಸ್ಲೈಡ್ ಪೂರ್ತಿ ಹಿಂದೆ ಹೋಗಲ್ಲ, ಕೇಸು ಬಾಯಲ್ಲೇ ಸಿಕ್ಕಿಕೊಳ್ಳುತ್ತೆ.

ಶೂಟರ್‌ಗಳು ಇದನ್ನು 'ಲಿಂಪ್ ರಿಸ್ಟಿಂಗ್' ಅಂತಾರೆ. ಪ್ಲಾಸ್ಟಿಕ್ ಫ್ರೇಮಿನ ಹಗುರ ಪಿಸ್ತೂಲ್‌ಗಳಲ್ಲಿ ಈ ತೊಂದರೆ ಹೆಚ್ಚು, ಯಾಕಂದ್ರೆ ಅಲ್ಲಿ ಫ್ರೇಮಿಗೇ ಅಂತ ತೂಕ ಕಡಿಮೆ. ಉಕ್ಕಿನ ಭಾರೀ ಫ್ರೇಮ್ ತನ್ನ ಜಡತ್ವದಿಂದಲೇ ಸ್ವಲ್ಪ ನಿಲ್ಲುತ್ತೆ, ಹಗುರ ಫ್ರೇಮ್ ಎಲ್ಲವನ್ನೂ ನಿಮ್ಮ ಕೈಯಿಂದ ಕೇಳುತ್ತೆ.

ಹಾಗಾದರೆ ಸರಿಯಾದ ಹಿಡಿತ ಯಾವುದು?

ಎರಡು ಕೈಯಿಂದ ಹಿಡಿಯುವಾಗ ಮುಖ್ಯವಾದ ಸಂಗತಿಗಳು ಕೆಲವೇ.

ಹೆಬ್ಬೆರಳು ಮತ್ತು ತೋರುಬೆರಳ ನಡುವಿನ ಸಂದು ಹಿಡಿಯ ಹಿಂಬದಿಯಲ್ಲಿ ಎಷ್ಟು ಮೇಲೆ ಹೋಗಬಹುದೋ ಅಷ್ಟು ಮೇಲೆ ಕೂರಬೇಕು. ಹಿಂದೊದೆತ ಬರುವುದು ನಳಿಕೆಯ ಗೆರೆಯಲ್ಲಿ. ಕೈ ಆ ಗೆರೆಗೆ ಹತ್ತಿರ ಇದ್ದಷ್ಟೂ ಪಿಸ್ತೂಲ್ ಮೇಲಕ್ಕೆ ಎಗರುವುದು ಕಡಿಮೆ. ಉದ್ದ ಹಿಡಿಯ ಗುದ್ದಲಿ, ಗಿಡ್ಡ ಹಿಡಿಯ ಗುದ್ದಲಿ ಕೈಗೆ ಹೇಗೆ ಬೇರೆ ಬೇರೆ ತರ ಸಿಗುತ್ತೋ, ಇದೂ ಅದೇ ಸನ್ನೆಕೋಲಿನ ಲೆಕ್ಕ.

ಮೊದಲ ಕೈ ಹಿಡಿದ ಮೇಲೆ ಹಿಡಿಯ ಇನ್ನೊಂದು ಬದಿ ಖಾಲಿ ಉಳಿಯುತ್ತೆ. ಎರಡನೇ ಕೈಯ ಅಂಗೈ ಆ ಜಾಗವನ್ನು ತುಂಬಬೇಕು. ಸಿನಿಮಾದಲ್ಲಿ ಕಾಫಿ ಲೋಟದ ಕೆಳಗೆ ತಟ್ಟೆ ಹಿಡಿದ ಹಾಗೆ ಇನ್ನೊಂದು ಕೈಯನ್ನು ಮ್ಯಾಗಜೀನ್ ಕೆಳಗೆ ಇಡುತ್ತಾರಲ್ಲ, ಅದರಿಂದ ಹಿಂದೊದೆತಕ್ಕೆ ಏನೂ ತಡೆಯಿಲ್ಲ.

ಎರಡೂ ಹೆಬ್ಬೆರಳು ಒಂದೇ ಬದಿಯಲ್ಲಿ ಮುಂದಕ್ಕೆ ಚಾಚಿರಬೇಕು. ಹೆಬ್ಬೆರಳನ್ನು ಸ್ಲೈಡಿನ ಹಿಂದೆ ಅಡ್ಡ ಹಾಕಿದರೆ ಸ್ಲೈಡ್ ಬಂದು ಚರ್ಮ ಕಿತ್ತುಕೊಂಡು ಹೋಗುತ್ತೆ. ಸ್ಲೈಡಿನ ಮೇಲೆ ಬಿಗಿಯಾಗಿ ಒತ್ತಿದರೆ ಅದರ ಓಟ ನಿಧಾನವಾಗುತ್ತೆ. ಸ್ಲೈಡ್ ನಿಲ್ಲಿಸುವ ಸಣ್ಣ ಕೀಲಿಯ ಮೇಲೆ ಒರಗಿದರೆ, ಕೊನೆಯ ಗುಂಡಿನ ನಂತರ ಸ್ಲೈಡ್ ಹಿಂದೆ ನಿಲ್ಲದೆ ಮುಂದಕ್ಕೆ ಬಂದುಬಿಡುತ್ತೆ. ಆಗ ಜನ ಪಿಸ್ತೂಲ್ ಕೆಟ್ಟಿದೆ ಅಂತ ಅಂಗಡಿಗೆ ಒಯ್ಯುತ್ತಾರೆ.

ಮಣಿಕಟ್ಟು ಬಿಗಿ, ಮೊಣಕೈ ಸ್ವಲ್ಪ ಸಡಿಲ. ಹಿಡಿತ ಅಂದ್ರೆ ಕತ್ತು ಹಿಸುಕುವುದಲ್ಲ. ಕೈ ನಡುಗುವಷ್ಟು ಬಿಗಿದರೆ ಟ್ರಿಗರ್ ಎಳೆಯುವ ಬೆರಳೂ ಬಿಗಿಯಾಗಿ ಗುರಿ ತಪ್ಪುತ್ತೆ. ಮತ್ತೆ ಎಲ್ಲಕ್ಕಿಂತ ಮೊದಲ ನಿಯಮ: ಗುರಿಯ ಮೇಲೆ ಕಣ್ಣಿಟ್ಟು ಹೊಡೆಯಲು ನಿರ್ಧರಿಸುವ ತನಕ ಬೆರಳು ಟ್ರಿಗರ್ ಮೇಲೆ ಹೋಗಬಾರದು. ಕೋಚ್ ಅರ್ಧ ಗಂಟೆಯಲ್ಲಿ ಇದನ್ನು ನನಗೆ ಹತ್ತು ಸಲವಾದರೂ ಹೇಳಿರಬೇಕು.

ಒಂದೊಂದು ಕಾಯಿಲೆಗೆ ಒಂದೊಂದು ಲಕ್ಷಣ

ಪಿಸ್ತೂಲ್ ನಿಲ್ಲಲು ಕೈ ಒಂದು ಕಾರಣ. ಇನ್ನೂ ಹತ್ತಾರು ಇವೆ. ಮದ್ದು ಕಡಿಮೆ ಇರುವ ಗುಂಡು, ತೀರಾ ಬಿಗಿಯಾದ ಅಥವಾ ಸವೆದ ಸ್ಪ್ರಿಂಗ್, ಬಾಯಂಚು ಬಾಗಿದ ಮ್ಯಾಗಜೀನ್, ಕೇಸನ್ನು ಎಳೆಯುವ ಕೊಕ್ಕೆಯ ತುದಿ ಮುರಿದಿರುವುದು, ಎಣ್ಣೆ ಒಣಗಿರುವುದು, ಮಸಿ ಕಟ್ಟಿರುವುದು.

ಗುಂಡು ಸಿಡಿಯದೆ ಬರೀ 'ಟಿಕ್' ಅಂದರೆ ಅಲ್ಲಿ ಹಿಡಿತದ ಪಾತ್ರ ಇಲ್ಲವೆಂಬಷ್ಟು ಕಡಿಮೆ. ಗುಂಡು ಕೆಟ್ಟಿರಬೇಕು ಅಥವಾ ಪಿನ್ನಿನ ಪೆಟ್ಟು ಸಾಲದೆ ಹೋಗಿರಬೇಕು. ಖಾಲಿ ಕೇಸು ಬಾಯಲ್ಲಿ ಸಿಕ್ಕಿಕೊಂಡರೆ ಕೈ, ಗುಂಡು, ಕೊಕ್ಕೆ ಮೂರರ ಮೇಲೂ ಅನುಮಾನ. ಒಂದೇ ಮ್ಯಾಗಜೀನ್ ಹಾಕಿದಾಗ ಮಾತ್ರ ನಿಲ್ಲುತ್ತಿದ್ದರೆ ಕಳ್ಳ ಅಲ್ಲೇ ಇದ್ದಾನೆ.

ಕಂಡುಹಿಡಿಯುವ ದಾರಿ ಎಂಜಿನಿಯರಿಂಗ್ ಲ್ಯಾಬಿನಲ್ಲಿ ಕಲಿಸಿದ್ದೇ: ಒಂದು ಸಲಕ್ಕೆ ಒಂದನ್ನೇ ಬದಲಿಸು. ಅದೇ ಪಿಸ್ತೂಲ್, ಬೇರೆ ಕೈ. ಅದೇ ಕೈ, ಬೇರೆ ಮ್ಯಾಗಜೀನ್. ಅದೇ ಮ್ಯಾಗಜೀನ್, ಬೇರೆ ಗುಂಡು. ಅನುಭವಿಗಳು ತಮ್ಮ ಮ್ಯಾಗಜೀನ್‌ಗಳ ಮೇಲೆ 1, 2, 3 ಅಂತ ಬರೆದುಕೊಂಡಿರುವುದು ಇದಕ್ಕೇ.

ಇನ್ನೊಂದು ಲೆಕ್ಕ ಬಹಳ ಜನರಿಗೆ ಗೊತ್ತಿಲ್ಲ. ನನ್ನ ಪಿಸ್ತೂಲ್ 300 ಗುಂಡು ಹೊಡೆದರೂ ಒಮ್ಮೆಯೂ ನಿಲ್ಲಲಿಲ್ಲ, ಆದ್ದರಿಂದ ಇದು ನಂಬಿಗಸ್ತ ಅಂತ ಹೇಳಬಹುದಾ? ಸಂಖ್ಯಾಶಾಸ್ತ್ರದಲ್ಲಿ ಇದಕ್ಕೆ 'ಮೂರರ ನಿಯಮ' ಇದೆ. n ಸಲ ಪ್ರಯತ್ನಿಸಿ ಒಮ್ಮೆಯೂ ವಿಫಲವಾಗದಿದ್ದರೆ, ವೈಫಲ್ಯದ ಪ್ರಮಾಣ 3/nಗಿಂತ ಕಡಿಮೆ ಅಂತ ಶೇ. 95 ಭರವಸೆಯಿಂದ ಹೇಳಬಹುದು, ಅಷ್ಟೇ. 300 ಗುಂಡಿಗೆ ಅದು ಶೇ. 1. ಅಂದ್ರೆ ನೂರಕ್ಕೆ ಒಂದು ಸಲ ನಿಲ್ಲುವ ಸಾಧ್ಯತೆಯನ್ನು ಆ 300 ಗುಂಡು ಆಗತಾನೇ ದಾಟಿರುತ್ತವೆ.

1911ರ ಮಾರ್ಚ್‌ನಲ್ಲಿ ಅಮೆರಿಕದ ಸೇನೆ ಜಾನ್ ಬ್ರೌನಿಂಗ್ ವಿನ್ಯಾಸದ ಕೋಲ್ಟ್ ಪಿಸ್ತೂಲನ್ನು ಸ್ಯಾವೇಜ್ ಕಂಪನಿಯ ಪಿಸ್ತೂಲ್ ಎದುರು ಪರೀಕ್ಷೆಗೆ ಒಡ್ಡಿದಾಗ 6,000 ಗುಂಡು ಹೊಡೆಸಿತು. ಕೋಲ್ಟ್ ಒಮ್ಮೆಯೂ ನಿಲ್ಲಲಿಲ್ಲ, ಸ್ಯಾವೇಜ್ 37 ಸಲ ನಿಂತಿತು. ಕೋಲ್ಟ್ ಎಂ1911 ಆಮೇಲೆ 70ಕ್ಕೂ ಹೆಚ್ಚು ವರ್ಷ ಆ ಸೇನೆಯ ಪಿಸ್ತೂಲ್ ಆಗಿತ್ತು. ಮೂರರ ನಿಯಮದ ಪ್ರಕಾರ ಆ ಪರೀಕ್ಷೆ ಕೊಟ್ಟ ಭರವಸೆ 2,000ಕ್ಕೆ ಒಂದಕ್ಕಿಂತ ಕಡಿಮೆ ಅನ್ನೋದು. ಇದನ್ನು ನೆನಪಿಟ್ಟುಕೊಳ್ಳಿ. ಲಕ್ಷಕ್ಕೊಮ್ಮೆ ಆಗುವ ಅನಾಹುತವನ್ನು 'ನಮ್ಮ ಲ್ಯಾಬಿನಲ್ಲಿ ಆಗಲಿಲ್ಲ' ಅನ್ನುವ ಮಾತು ಅಲ್ಲಗಳೆಯಲಾರದು.

ರೂಲ್‌ಬುಕ್ ಏನು ಹೇಳುತ್ತೆ

ಕೈ ಮತ್ತು ಯಂತ್ರದ ಜಗಳವನ್ನು ನ್ಯಾಯವಾಗಿ ಬಗೆಹರಿಸುವ ಒಂದು ವ್ಯವಸ್ಥೆ ನನಗೆ ಕಂಡದ್ದು ಅಂತಾರಾಷ್ಟ್ರೀಯ ಶೂಟಿಂಗ್ ಕ್ರೀಡಾ ಒಕ್ಕೂಟ ಐಎಸ್‌ಎಸ್‌ಎಫ್ ನಿಯಮಗಳಲ್ಲಿ. ವಿಜಯ್ ಕುಮಾರ್ 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಬೆಳ್ಳಿ ಗೆದ್ದ 25 ಮೀಟರ್ ರ‍್ಯಾಪಿಡ್ ಫೈರ್ ಪಿಸ್ತೂಲ್ ನೆನಪಿದೆಯಲ್ಲ? ಅಲ್ಲಿ ಬಳಸುವುದು ಸೆಮಿ-ಆಟೋಮ್ಯಾಟಿಕ್ ಪಿಸ್ತೂಲ್, ಹಿಡಿಯುವುದು ಒಂದೇ ಕೈಯಲ್ಲಿ. ಸ್ಪರ್ಧೆಯ ನಡುವೆ ಪಿಸ್ತೂಲ್ ನಿಂತರೆ ಕ್ರೀಡಾಪಟು ಅದನ್ನು ಗುರಿಯ ದಿಕ್ಕಿನಲ್ಲೇ ಹಿಡಿದುಕೊಂಡು, ಇನ್ನೊಂದು ಕೈ ಎತ್ತಿ ಅಧಿಕಾರಿಯನ್ನು ಕರೆಯಬೇಕು. ದೋಷ ಅಂತ ಹೇಳಿಕೊಳ್ಳಬೇಕಿದ್ದರೆ ತಾನೇ ಸ್ಲೈಡ್ ಎಳೆದು ನೋಡುವ ಹಾಗಿಲ್ಲ. ಅಧಿಕಾರಿ ಬಂದು ಪರೀಕ್ಷಿಸಿ, ಇದು ಒಪ್ಪಬಹುದಾದ ದೋಷವೋ ಅಲ್ಲವೋ ಅಂತ ತೀರ್ಮಾನಿಸುತ್ತಾರೆ.

ಗುಂಡು ಸಿಡಿಯಲಿಲ್ಲ, ಕೇಸು ಹೊರಬರಲಿಲ್ಲ, ಟ್ರಿಗರ್ ವ್ಯವಸ್ಥೆ ಕೆಲಸ ಮಾಡಲಿಲ್ಲ, ಇಂಥವು ಒಪ್ಪಬಹುದಾದವು. ನಿಯಮದ ಪ್ರಕಾರ ಮತ್ತೆ ಅವಕಾಶ ಸಿಗುತ್ತೆ. ಸೇಫ್ಟಿ ತೆಗೆಯಲು ಮರೆತದ್ದು, ಗುಂಡೇ ತುಂಬದೆ ಇದ್ದದ್ದು, ಮ್ಯಾಗಜೀನ್ ಸರಿಯಾಗಿ ಕೂರಿಸದೆ ಇದ್ದದ್ದು, ಹಿಂದಿನ ಗುಂಡಿನ ನಂತರ ಟ್ರಿಗರನ್ನು ಸಾಕಷ್ಟು ಮುಂದಕ್ಕೆ ಬಿಡದೆ ಇದ್ದದ್ದು ನಿಮ್ಮ ತಪ್ಪು.

ಇಲ್ಲಿ ಮೂರು ಸಂಗತಿ ಇವೆ. ಯಾವುದು ಯಾರ ತಪ್ಪು ಅನ್ನುವ ಪಟ್ಟಿ ಮೊದಲೇ ಬರೆದಿಟ್ಟಿದೆ. ಸಾಕ್ಷ್ಯ ಕದಡುವ ಮೊದಲೇ ಪರೀಕ್ಷೆ ನಡೆಯುತ್ತೆ. ಪರೀಕ್ಷಿಸುವವನು ಆಟಗಾರನೂ ಅಲ್ಲ, ಪಿಸ್ತೂಲ್ ತಯಾರಿಸಿದವನೂ ಅಲ್ಲ.

ನಿಯಮ ಇದ್ದರೂ ಜನರ ನಾಲಿಗೆ ಸುಮ್ಮನಿರುವುದಿಲ್ಲ, ಅದು ಬೇರೆ ಮಾತು. 2021ರಲ್ಲಿ ಟೋಕಿಯೊ ಒಲಿಂಪಿಕ್ಸ್‌ನ 10 ಮೀಟರ್ ಏರ್ ಪಿಸ್ತೂಲ್ ಅರ್ಹತಾ ಸುತ್ತಿನ ನಡುವೆ ಮನು ಭಾಕರ್ ಅವರ ಪಿಸ್ತೂಲ್ ಕೈಕೊಟ್ಟಿತು. ಅದು ಗಾಳಿಯೊತ್ತಡದ ಪಿಸ್ತೂಲ್, ಹಿಡಿತದ ಪ್ರಶ್ನೆಯೇ ಇರಲಿಲ್ಲ. ಅಮೂಲ್ಯ ನಿಮಿಷಗಳನ್ನು ಕಳೆದುಕೊಂಡು 575 ಅಂಕ ಗಳಿಸಿ 12ನೆಯವರಾದರು. ಫೈನಲ್ ತಪ್ಪಿದ್ದು 2 ಅಂಕದಿಂದ. ಸೋಷಿಯಲ್ ಮೀಡಿಯಾ ಮಾತ್ರ ಹುಡುಗಿಯ ಮನೋಬಲ, ಅಹಂಕಾರ ಎಲ್ಲವನ್ನೂ ಅಳೆದು ಮುಗಿಸಿತ್ತು. 2024ರ ಪ್ಯಾರಿಸ್‌ನಲ್ಲಿ ಅದೇ ಕೈ ಎರಡು ಕಂಚು ತಂದಿತು.

ಯಾರೂ ಟ್ರಿಗರ್ ಎಳೆಯಲಿಲ್ಲ ಅಂದರೆ?

ಪಿಸ್ತೂಲ್ ಸಿಡಿಯದೆ ನಿಂತರೆ ಅಂಕ ಹೋಗುತ್ತೆ. ಬೇಡದಾಗ ಸಿಡಿದರೆ ಜೀವ ಹೋಗುತ್ತೆ. ಅಮೆರಿಕದಲ್ಲಿ ಕೆಲವು ವರ್ಷಗಳಿಂದ ನಡೆಯುತ್ತಿರುವ ಜಗಳ ಈ ಎರಡನೆಯದರ ಬಗ್ಗೆ.

ಸಿಗ್ ಸಾವರ್ ಕಂಪನಿ 2014ರಲ್ಲಿ ಪಿ320 ಅನ್ನುವ ಪಿಸ್ತೂಲನ್ನು ಮಾರುಕಟ್ಟೆಗೆ ತಂದಿತು. 2017ರ ಜನವರಿಯಲ್ಲಿ ಅಮೆರಿಕದ ಸೇನೆ ಇದರ ರೂಪಾಂತರವನ್ನೇ ತನ್ನ ಹೊಸ ಪಿಸ್ತೂಲ್ ಆಗಿ ಆರಿಸಿಕೊಂಡಿತು. ಒಪ್ಪಂದದ ಮೊತ್ತ 58 ಕೋಟಿ ಡಾಲರ್‌ವರೆಗೆ. ಅದೇ ವರ್ಷ ಆಗಸ್ಟ್‌ನಲ್ಲಿ, ನಾಗರಿಕ ಮಾದರಿಯ ಪಿ320 ಒಂದು ನಿರ್ದಿಷ್ಟ ಕೋನದಲ್ಲಿ ಕೆಳಗೆ ಬಿದ್ದರೆ ತಾನಾಗಿ ಸಿಡಿಯುತ್ತೆ ಅಂತ ಬಯಲಾಯಿತು. ಕಾರಣ ಕೇಳಿದರೆ ಎಂಜಿನಿಯರಿಂಗ್ ವಿದ್ಯಾರ್ಥಿಗೆ ಮೈ ಜುಮ್ ಅನ್ನುತ್ತೆ. ಪಿಸ್ತೂಲಿನ ಹಿಂಭಾಗ ನೆಲಕ್ಕೆ ಬಡಿದು ಥಟ್ಟನೆ ನಿಂತಾಗ, ಭಾರವಾದ ಟ್ರಿಗರ್ ತನ್ನ ಜಡತ್ವದಿಂದಲೇ ಹಿಂದಕ್ಕೆ ಚಲಿಸುತ್ತಿತ್ತು. ಬೆರಳಿಲ್ಲದೆ ಟ್ರಿಗರ್ ಎಳೆದ ಹಾಗೆ. ಕಂಪನಿ ಟ್ರಿಗರನ್ನು ಹಗುರ ಮಾಡಿ ಇನ್ನು ಕೆಲವು ಭಾಗಗಳನ್ನೂ ಬದಲಿಸಿತು. ಆದರೆ ಅದನ್ನು 'ರೀಕಾಲ್' ಅನ್ನಲಿಲ್ಲ. ಗ್ರಾಹಕರು ಬೇಕಿದ್ದರೆ ಮಾಡಿಸಿಕೊಳ್ಳಬಹುದಾದ 'ಸ್ವಯಂಪ್ರೇರಿತ ಅಪ್‌ಗ್ರೇಡ್' ಅಂದಿತು.

ಆಮೇಲಿನ ವರ್ಷಗಳಲ್ಲಿ ಬಂದ ದೂರುಗಳು ಬೇರೆ ಬಗೆಯವು. ಸೊಂಟದ ಚೀಲದಲ್ಲಿದ್ದ ಪಿಸ್ತೂಲ್ ಸಿಡಿದು ತೊಡೆಗೆ, ಕಾಲಿಗೆ ಗಾಯವಾಯಿತು ಅಂತ ಪೊಲೀಸರು, ನಾಗರಿಕರು ಕೋರ್ಟಿಗೆ ಹೋದರು. ಹಲವು ಮೊಕದ್ದಮೆಗಳಲ್ಲಿ ಕಂಪನಿ ಗೆದ್ದಿತು. 2024ರ ಜೂನ್‌ನಲ್ಲಿ ಜಾರ್ಜಿಯಾದ ಜ್ಯೂರಿ 23.5 ಲಕ್ಷ ಡಾಲರ್, ನವೆಂಬರ್‌ನಲ್ಲಿ ಫಿಲಡೆಲ್ಫಿಯಾದ ಜ್ಯೂರಿ 1.1 ಕೋಟಿ ಡಾಲರ್ ಪರಿಹಾರ ಹೇಳಿದವು. ಟ್ರಿಗರ್ ಎಳೆಯದೆ ಪಿ320 ಯಾವ ಸಂದರ್ಭದಲ್ಲೂ ಸಿಡಿಯಲಾರದು ಅನ್ನೋದು ಕಂಪನಿಯ ನಿಲುವು. ದೂರುವವರು ಹಣಕ್ಕಾಗಿ ಅಥವಾ ತಮ್ಮ ಹೊಣೆ ತಪ್ಪಿಸಿಕೊಳ್ಳಲು ದೂರುತ್ತಿದ್ದಾರೆ ಅಂತಲೂ 2025ರ ಮಾರ್ಚ್‌ನಲ್ಲಿ ಅದು ಹೇಳಿತು.

ಇಲ್ಲೊಂದು ಸೂಕ್ಷ್ಮ ಇದೆ. ಇದೇ ಬಗೆಯ ಬಹುತೇಕ ಪಿಸ್ತೂಲ್‌ಗಳ ಟ್ರಿಗರ್ ನಡುವೆ ಇನ್ನೊಂದು ಪುಟ್ಟ ಕೀಲಿ ಇರುತ್ತೆ. ಬೆರಳು ನೇರವಾಗಿ ಒತ್ತಿದರೆ ಮಾತ್ರ ಅದು ಬಿಡುತ್ತೆ. ಬಟ್ಟೆಯ ಅಂಚು, ಚೀಲದ ದಾರ ಬದಿಯಿಂದ ತಾಗಿದರೆ ಬಿಡಲ್ಲ. ಪಿ320ರಲ್ಲಿ ಅದಿಲ್ಲ. ಹೀಗಾಗಿ 'ಟ್ರಿಗರ್ ಚಲಿಸದೆ ಸಿಡಿಯಲ್ಲ' ಅನ್ನುವ ಕಂಪನಿಯ ಮಾತು ನಿಜವೇ ಆಗಿದ್ದರೂ, 'ಅಷ್ಟು ಸುಲಭಕ್ಕೆ ಚಲಿಸುವ ಟ್ರಿಗರ್ ಇಟ್ಟದ್ದೇ ವಿನ್ಯಾಸದ ದೋಷ' ಅನ್ನುವ ದೂರುದಾರರ ಮಾತೂ ನಿಜ ಇರಬಹುದು. ಮನುಷ್ಯನ ಕೈ ತಪ್ಪು ಮಾಡುತ್ತೆ ಅನ್ನೋದು ಎಲ್ಲ ವಿನ್ಯಾಸಕಾರರಿಗೂ ಗೊತ್ತಿರುವ ಸಂಗತಿ. ಗೊತ್ತಿದ್ದೂ ತಡೆ ಇಡದಿದ್ದರೆ, ಆಮೇಲೆ ಬರೀ ಕೈಯನ್ನೇ ದೂರುವುದು ಎಷ್ಟು ಸರಿ?

ಇನ್ನೊಂದು ಕಡೆಯನ್ನೂ ಹೇಳಬೇಕು. 2025ರ ಜುಲೈ 20ರಂದು ವಯೋಮಿಂಗ್‌ನ ವಾಯುಪಡೆ ನೆಲೆಯಲ್ಲಿ ಯುವ ಸಿಬ್ಬಂದಿಯೊಬ್ಬರು ಇದೇ ಪಿಸ್ತೂಲಿನ ಸೇನಾ ಮಾದರಿಯಿಂದ ಸತ್ತರು. ವಾಯುಪಡೆಯ ಆ ವಿಭಾಗ ಪಿಸ್ತೂಲಿನ ಬಳಕೆ ನಿಲ್ಲಿಸಿತು. ತಾನಾಗಿ ಸಿಡಿಯಿತು ಅಂತ ಸುದ್ದಿ ಹಬ್ಬಿತು, ನಾನೂ ನಂಬಿದ್ದೆ. ಆಗಸ್ಟ್‌ನಲ್ಲಿ ಸಹೋದ್ಯೋಗಿಯೊಬ್ಬರನ್ನು ಸುಳ್ಳು ಹೇಳಿಕೆ, ತನಿಖೆಗೆ ಅಡ್ಡಿ ಮತ್ತು ಉದ್ದೇಶವಿಲ್ಲದ ಹತ್ಯೆಯ ಅನುಮಾನದ ಮೇಲೆ ಬಂಧಿಸಲಾಯಿತು. ಪಿಸ್ತೂಲ್‌ಗಳನ್ನು ಪರಿಶೀಲಿಸಿ ಬಳಕೆ ಮತ್ತೆ ಶುರುವಾಯಿತು. ಯಂತ್ರದ ಮೇಲೆ ಮೊದಲೇ ಅನುಮಾನ ಇದ್ದಾಗ ಕೈಯ ತಪ್ಪನ್ನು ಅದರ ಹಿಂದೆ ಬಚ್ಚಿಡುವುದೂ ಸುಲಭ. ಅದಕ್ಕೇ 'ಯಾವಾಗಲೂ ಬಳಕೆದಾರನ ಪರ' ಅನ್ನುವ ಸುಲಭದ ಘೋಷಣೆಯನ್ನು ನಾನು ಕೊಡಲ್ಲ.

ಟೋಸ್ಟರ್‌ಗೆ ಇರುವ ಕಾನೂನು ಪಿಸ್ತೂಲಿಗಿಲ್ಲ

ಹಾಗಾದರೆ ಸತ್ಯ ಹೇಳಬೇಕಾದವರು ಯಾರು? ಅಮೆರಿಕದಲ್ಲಿ ಟೋಸ್ಟರ್‌ಗೆ ಬೆಂಕಿ ಹತ್ತಿಕೊಂಡರೆ, ಮಕ್ಕಳ ಆಟಿಕೆ ಒಡೆದು ಗಾಯವಾದರೆ ತನಿಖೆ ಮಾಡಿ ಮಾರುಕಟ್ಟೆಯಿಂದ ವಾಪಸ್ ತರಿಸಲು ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗ ಇದೆ. 1970ರ ದಶಕದಲ್ಲಿ ಆ ಆಯೋಗ ಹುಟ್ಟಿದಾಗಲೇ ಅಲ್ಲಿನ ಸಂಸತ್ತು ಬಂದೂಕು ಮತ್ತು ಗುಂಡುಗಳನ್ನು ಅದರ ವ್ಯಾಪ್ತಿಯಿಂದ ಹೊರಗಿಟ್ಟಿತು. ಆಟಿಕೆ ಪಿಸ್ತೂಲನ್ನು ಅದು ವಾಪಸ್ ತರಿಸಬಹುದು, ನಿಜವಾದ ಪಿಸ್ತೂಲನ್ನು ಮುಟ್ಟುವ ಹಾಗಿಲ್ಲ.

ಉಳಿದದ್ದು ಕೋರ್ಟು. 2005ರ ಒಂದು ಕಾನೂನು ಬಂದೂಕು ಕಂಪನಿಗಳಿಗೆ ಬಹುಪಾಲು ಮೊಕದ್ದಮೆಗಳಿಂದ ರಕ್ಷಣೆ ಕೊಟ್ಟಿದೆ. ಉತ್ಪನ್ನದ ದೋಷಕ್ಕೆ ಸಂಬಂಧಿಸಿದ ದಾವೆಗೆ ಮಾತ್ರ ಕಿಂಡಿ ಬಿಟ್ಟಿದೆ. ಆ ಕಿಂಡಿಯೂ ಕಿರಿದಾಗುತ್ತಿದೆ. ಸಿಗ್ ಸಾವರ್‌ನ ಮುಖ್ಯ ಕಚೇರಿ ಇರುವ ನ್ಯೂ ಹ್ಯಾಂಪ್‌ಶೈರ್ ರಾಜ್ಯ 2025ರ ಮೇ ತಿಂಗಳಲ್ಲಿ ಒಂದು ಕಾನೂನು ತಂದಿತು: ಹೊರಗಿನ ಸೇಫ್ಟಿ ಮುಂತಾದ ಕೆಲವು ವೈಶಿಷ್ಟ್ಯ ಇಲ್ಲ ಅನ್ನುವ ಕಾರಣಕ್ಕೆ ತಯಾರಕರ ಮೇಲೆ ದಾವೆ ಹೂಡುವ ಹಾಗಿಲ್ಲ. ಜ್ಯೂರಿಗಳು ಯಾವ ಅಂಶದ ಮೇಲೆ ತೀರ್ಪು ಕೊಟ್ಟಿದ್ದವೋ ಆ ಅಂಶವನ್ನೇ ಶಾಸನಸಭೆ ಪಟ್ಟಿಯಿಂದ ಅಳಿಸಿತು.

ಐಎಸ್‌ಎಸ್‌ಎಫ್ ರೂಲ್‌ಬುಕ್ ಪಕ್ಕ ಇದನ್ನು ಇಟ್ಟು ನೋಡಿ. ಆಟದಲ್ಲಿ ಸ್ವತಂತ್ರ ಅಧಿಕಾರಿ ಇದ್ದಾನೆ. ಜೀವದ ಪ್ರಶ್ನೆಯಲ್ಲಿ ಇಲ್ಲ.

ಸತ್ತವನ ತಲೆಗೆ ಕಟ್ಟುವುದು

ಇದೇನೂ ಹೊಸದಲ್ಲ. ವಿಯೆಟ್ನಾಂ ಯುದ್ಧದಲ್ಲಿ ಎಂ16 ರೈಫಲ್‌ಗಳು ಗುಂಡಿನ ನಡುವೆ ನಿಂತು ಸೈನಿಕರು ಸತ್ತಾಗ, ಸರಿಯಾಗಿ ಶುಚಿ ಮಾಡಿಲ್ಲ ಅಂತ ಅವರನ್ನೇ ದೂರಲಾಯಿತು. 1967ರಲ್ಲಿ ಸಂಸತ್ತಿನ ಉಪಸಮಿತಿ ಕೆದಕಿದಾಗ ಬೇರೆಯೇ ಹೊರಬಂತು. ಗುಂಡಿನ ಮದ್ದನ್ನು ಬೇರೆ ಬಗೆಗೆ ಬದಲಿಸಲಾಗಿತ್ತು, ಗುಂಡು ಕೂರುವ ಕೋಣೆಗೆ ಕ್ರೋಮ್ ಲೇಪ ಇರಲಿಲ್ಲ, ಶುಚಿ ಮಾಡುವ ಸಾಮಗ್ರಿಯನ್ನೇ ಸಾಕಷ್ಟು ಕಳಿಸಿರಲಿಲ್ಲ. ಶುಚಿ ಮಾಡಿಲ್ಲ ಅನ್ನೋದು ಸುಳ್ಳಲ್ಲ. ಅದರ ಹಿಂದಿನ ವಾಕ್ಯವನ್ನು ಯಾರೂ ಹೇಳಿರಲಿಲ್ಲ. ಲೇಪ, ಸಾಮಗ್ರಿ, ತರಬೇತಿ ಎಲ್ಲ ಬಂದ ಮೇಲೆ ಅದೇ ರೈಫಲ್ ದಶಕಗಟ್ಟಲೆ ಬಾಳಿತು.

ನಮ್ಮಲ್ಲಿ? 2024ರ ಜೂನ್ 17ರಂದು ಬಂಗಾಳದಲ್ಲಿ ಕಾಂಚನಜುಂಗಾ ಎಕ್ಸ್‌ಪ್ರೆಸ್‌ಗೆ ಹಿಂದಿನಿಂದ ಗೂಡ್ಸ್ ರೈಲು ಗುದ್ದಿತು. ಅದೇ ದಿನ ರೈಲ್ವೆ ಮಂಡಳಿ, ಗೂಡ್ಸ್ ರೈಲಿನ ಲೋಕೊ ಪೈಲಟ್ ಸಿಗ್ನಲ್ ಮೀರಿದ್ದೇ ಕಾರಣ ಅನ್ನುವ ಅರ್ಥದ ಮಾತಾಡಿತು. ಆತ ಅಪಘಾತದಲ್ಲೇ ಸತ್ತಿದ್ದರು, ಉತ್ತರ ಕೊಡುವವರಿಲ್ಲ. ಮುಂದಿನ ತಿಂಗಳು ರೈಲ್ವೆ ಸುರಕ್ಷತಾ ಆಯುಕ್ತರ ವರದಿ ಬಂತು: ಸ್ವಯಂಚಾಲಿತ ಸಿಗ್ನಲ್ ಕೆಟ್ಟಿತ್ತು, ಆಗ ಕೊಡಬೇಕಾದ ಅನುಮತಿ ಪತ್ರವೇ ಸರಿಯಿರಲಿಲ್ಲ, ಸಿಬ್ಬಂದಿಗೆ ಸಾಕಷ್ಟು ತರಬೇತಿ ಇರಲಿಲ್ಲ. ಈ ಆಯುಕ್ತರು ರೈಲ್ವೆ ಸಚಿವಾಲಯದ ಅಡಿಯಲ್ಲಿಲ್ಲ, ನಾಗರಿಕ ವಿಮಾನಯಾನ ಸಚಿವಾಲಯದ ಅಡಿಯಲ್ಲಿದ್ದಾರೆ. ಆ ಒಂದು ಆಡಳಿತಾತ್ಮಕ ಏರ್ಪಾಡು ಸತ್ತ ಮನುಷ್ಯನ ಹೆಸರನ್ನು ಅರ್ಧವಾದರೂ ಉಳಿಸಿತು.

ನಾನು ಎಂಜಿನಿಯರ್ ಆಗಿದ್ದಾಗ ಒಂದು ಕಂಪನಿಯಲ್ಲಿ ಗ್ರಾಹಕರ ದೂರುಗಳನ್ನು ವಿಂಗಡಿಸುವ ಕೆಲಸದಲ್ಲಿದ್ದೆ. ಸಂಜೆ ಆರರ ಒಳಗೆ ಪಟ್ಟಿ ಖಾಲಿ ಮಾಡಬೇಕು. ಕಾರಣ ಸಿಗದ ದೂರಿಗೆ 'ಬಳಕೆದಾರನ ತಪ್ಪು' ಅನ್ನುವ ಆಯ್ಕೆ ಒತ್ತಿದರೆ ಅದು ಮುಚ್ಚಿಹೋಗುತ್ತಿತ್ತು, ಯಾರೂ ಮತ್ತೆ ಕೇಳುತ್ತಿರಲಿಲ್ಲ. ಎಷ್ಟು ಸಲ ಒತ್ತಿದ್ದೇನೋ ಲೆಕ್ಕವಿಲ್ಲ. ಅದರಲ್ಲಿ ಕೆಲವು ನಿಜಕ್ಕೂ ಬಳಕೆದಾರನ ತಪ್ಪುಗಳೇ. ಯಾವ ಕೆಲವು ಅಂತ ನಾನು ನೋಡಲಿಲ್ಲ.

ಈಗ ಸುದ್ದಿ ಓದುವಾಗ ಆ ಗುಂಡಿ ನೆನಪಾಗುತ್ತೆ. ಚಾಲಕನ ನಿರ್ಲಕ್ಷ್ಯ, ಪೈಲಟ್ ತಪ್ಪು, ರೋಗಿಯ ಉದಾಸೀನ, ಸವಾರನ ಅತಿವೇಗ, ಇಂಥ ತಲೆಬರಹ ಬಂದಾಗ ನೀವೂ ಕೇಳಬೇಕಾದ ಪ್ರಶ್ನೆಗಳು ಆ ರೇಂಜಿನಲ್ಲಿ ನಾನು ಕಲಿತವೇ. ಇದನ್ನು ಹೇಳುತ್ತಿರುವವರು ಯಾರು? ಅವರೇ ಯಂತ್ರದ ಒಡೆಯರಾ? ಸಾಕ್ಷ್ಯ ಕದಡುವ ಮೊದಲು ಬೇರೆ ಯಾರಾದರೂ ನೋಡಿದ್ದಾರಾ? ಬೇರೆ ಕೈಯಲ್ಲಿ ಕೊಟ್ಟು ನೋಡಿದ್ದಾರಾ?

ಕೋಚ್‌ಗೆ ನಾನು ಈಗಲೂ ಋಣಿ. ನನ್ನ ಮಣಿಕಟ್ಟು ಸಡಿಲ ಇತ್ತು, ತಿದ್ದಿದರು. ಆಮೇಲೆ ನಾನು ಕೇಳಿದಾಗ, ಅವಮಾನ ಅಂತ ಅಂದುಕೊಳ್ಳದೆ, ಅದೇ ಮ್ಯಾಗಜೀನ್ ಹಾಕಿಕೊಂಡು ತಾವೂ ಹೊಡೆದು ನೋಡಿದರು.